ಗೋಡೆ ಬಲಕ್ಕಿರಲಿ

ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟಿಕೊಡುವ ಅಂಗಡಿ ಹುಮನಾಬಾದಿನ ಪೇಟೆಯಲ್ಲಿ ಈಗ ಒಂದೇ ಒಂದು ಉಳಿದಿದೆ. ಹೋದ ತಿಂಗಳು ಬಗಲಲ್ಲಿ ಒಂದು ಹರಕು ಪುಸ್ತಕ ಇಟ್ಟುಕೊಂಡು ಅಲ್ಲಿಗೆ ಹೋಗಿದ್ದೆ. ಮೆಟ್ಟಿಲು ಹತ್ತುವಾಗಲೇ ಆ ವಾಸನೆ ಮೂಗಿಗೆ ಬಡಿಯಿತು. ಒಲೆಯ ಮೇಲೆ ಕುದಿಯುವ ಹಿಟ್ಟಿನ ಗಂಜಿ, ಅದರೊಳಗೆ ಹುಳ ಹಿಡಿಯದಿರಲೆಂದು ಹಾಕಿದ ಮೈಲುತುತ್ತ... ಅಂಗಡಿಯ ಹುಡುಗ ನನ್ನ ವಯಸ್ಸು ನೋಡಿ, ಕಾಲು ಸೋತಿರಬೇಕೆಂದುಕೊಂಡು ಸ್ಟೂಲು ಮುಂದಕ್ಕೆ ಸರಿಸಿದ. ಕಾಲಿಗೆ ಏನೂ ಆಗಿರಲಿಲ್ಲ. ಆದರೂ ಕುಳಿತೆ. ಐವತ್ತೈದು ವರ್ಷ ಹಿಂದಕ್ಕೆ ಹೋಗಿ ಬರುವುದಿತ್ತು, ನಿಂತುಕೊಂಡು ಆಗುವ ಕೆಲಸವಲ್ಲ ಅದು.

ನಮ್ಮ ಶಾಲೆಯಲ್ಲಿ ಒಬ್ಬ ಚಿತ್ರದ ಮಾಸ್ತರು ಇದ್ದರು. ಬಸವಕಲ್ಯಾಣದವರು. ಆಗ ಆ ಊರಿಗೆ ಎಲ್ಲರೂ ಬರೀ ಕಲ್ಯಾಣಿ ಅನ್ನುತ್ತಿದ್ದರು. ತೆಳ್ಳಗಿನ ಆಳು, ಬಣ್ಣದ ಚೀಲ ಹೊತ್ತು ಹೊತ್ತು ಬಲಗಡೆಯ ಹೆಗಲು ಒಂದಿಷ್ಟು ಕೆಳಗಿಳಿದಿತ್ತು. ಮೊಣಕೈ ಸವೆದ ಕರಿ ಶೇರವಾನಿ, ಅದರ ತೋಳಿನ ಅಂಚಿಗೆ ಯಾವಾಗಲೂ ಗೇರುಮಣ್ಣಿನ ಕೆಂಪು. ಮಧ್ಯಾಹ್ನದ ನಮಾಜು ಮುಗಿಸಿ ನೇರವಾಗಿ ತರಗತಿಗೆ ಬರುತ್ತಿದ್ದರು. ವಾರಕ್ಕೆ ಎರಡು ದಿನ, ಕಡೆಯ ತಾಸು ಅವರದು. ಉಳಿದ ಮಾಸ್ತರರ ಕೈಯಲ್ಲಿ ಛಡಿ ಇದ್ದರೆ ಇವರ ಕೈಯಲ್ಲಿ ಸೀಸದ ಕಡ್ಡಿ. ಅವರು ಯಾರನ್ನೂ ಹೊಡೆದದ್ದು ನಾನು ಕಂಡಿಲ್ಲ. ಬರೆದದ್ದು ಸರಿಯಾಗದಿದ್ದರೆ, 'ಮತ್ತೊಮ್ಮಿ ನೋಡಿ ಬಾ' ಎಂದು ಕಳಿಸುತ್ತಿದ್ದರು. ಎಮ್ಮೆ ಬರೆದಿದ್ದರೆ ಎಮ್ಮೆ ನೋಡಿ ಬರಬೇಕು. ನಾನು ಒಂದು ಎಮ್ಮೆಯ ಕೋಡಿಗಾಗಿ ನಾಲ್ಕು ಸಲ ಹೋಗಿ ಬಂದಿದ್ದೇನೆ, ಆ ಎಮ್ಮೆಗೂ ನನ್ನ ಗುರುತು ಹತ್ತಿತ್ತು.

ಅದು ನಿಜಾಮರ ಕಾಲ, ಶಾಲೆಯೊಳಗೆ ಎಲ್ಲವೂ ಉರ್ದು. ಮನೆಯಲ್ಲಿ ಕನ್ನಡ ಮಾತಾಡಿ, ಶಾಲೆಗೆ ಹೋಗಿ ಲೆಕ್ಕ, ಭೂಗೋಳ ಎಲ್ಲವನ್ನೂ ಬಲದಿಂದ ಎಡಕ್ಕೆ ಓದುತ್ತಿದ್ದೆವು. ಪುಸ್ತಕ ಬಲದಿಂದ ತೆರೆಯಬೇಕು, ಹಲಗೆಯ ಮೇಲೆ ಬಲದಿಂದ ಬರೆಯಬೇಕು. ಏಳೆಂಟು ವರ್ಷ ಹಾಗೆ ಓದಿದ ಮೇಲೆ ಕಣ್ಣು ತಾನಾಗಿಯೇ ಬಲಕ್ಕೆ ಹೋಗಿ ನಿಲ್ಲುತ್ತದೆ. ಇದನ್ನು ಮೊದಲೇ ಹೇಳಿಡುತ್ತೇನೆ, ಯಾಕೆಂದರೆ ನಮ್ಮ ತಪ್ಪು ಹುಟ್ಟಿದ್ದು ಅಲ್ಲಿಯೇ.

ಆ ವರ್ಷ ದಸರೆಯ ರಜೆ ಮುಗಿದ ಮೇಲೆ ಹೆಡ್‌ಮಾಸ್ತರರು ಒಂದು ಸುದ್ದಿ ಹೇಳಿದರು. ಲಡಾಯಿಯ ಕಾಲ, ಎಲ್ಲದಕ್ಕೂ ಕೈ ಬಿಗಿಹಿಡಿಯಬೇಕು, ಚಿತ್ರದ ತಾಸು ಬೇಕೋ ಬೇಡವೋ ಎಂದು ನೋಡಲು ಚಳಿಗಾಲ ಮುಗಿಯುವುದರೊಳಗೆ ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆ. ಅವರು ಬೇಡವೆಂದರೆ ತಾಸು ಹೋಯಿತು. ನಮ್ಮ ಮಾಸ್ತರರ ನೌಕರಿ ಕಾಯಂ ಆಗಿರಲಿಲ್ಲ, ತಾಸು ಹೋದರೆ ಅವರೂ ಹೋದಂತೆಯೇ. ಅಂದು ಚಿತ್ರದ ತಾಸಿನಲ್ಲಿ ನಾವು ಹನ್ನೆರಡು ಮಂದಿಯೂ ಕಾಗದ ತೆಗೆಯದೆ ಕೂತೆವು. ಅವರು ಒಬ್ಬೊಬ್ಬರ ಮುಖ ನೋಡುತ್ತ ಹೋದರು. ಕಡೆಗೆ ಮಾಣಿಕನೇ ಬಾಯಿ ಬಿಟ್ಟ. 'ಸಾಹೇಬ್ರು ನಮ್ಮ ಚಿತ್ರದ ಕಾಪಿಬುಕ್ಕ ನೋಡಿ ಏನ ತಿಳಕೊಳ್ತಾರ್ರಿ? ಊರ ಮುಂದ ತೂಗಹಾಕೂಣು. ಊರೇ ಬಂದು ನೋಡ್ಲಿ.'

ಮಾಣಿಕ ಊರ ಹೊರಗಿನ ಓಣಿಯವನು. ತರಗತಿಯಲ್ಲಿ ಬಾಗಿಲ ಹತ್ತಿರ ಒಬ್ಬನೇ ಕೂಡುತ್ತಿದ್ದ. ಕೂಡಿಸುತ್ತಿದ್ದರು ಅನ್ನುವುದೇ ಸರಿ. ಅವನು ತಾನಾಗಿ ಮಾತಾಡಿದ್ದೇ ಅಪರೂಪ. ಮಾಸ್ತರರು ಕೈಯಲ್ಲಿದ್ದ ಸೀಸದ ಕಡ್ಡಿಯನ್ನು ಕಿವಿಗೆ ಸಿಕ್ಕಿಸಿಕೊಂಡರು. 'ಮಾಡೂಣು ಅಂದ್ರ ಮಾಡೂಣು' ಎಂದರು. ಅವರ ಪ್ರತಿಜ್ಞೆ, ಭಾಷಣ ಎಲ್ಲ ಅಷ್ಟೇ. ಮುಂದಿನ ಎರಡು ತಿಂಗಳು ಆ ಮೂರು ಶಬ್ದದ ಮೇಲೆ ನಡೆದವು.

ಮೊದಲು ನಾವು ಬರೆದುಕೊಂಡು ಹೋದದ್ದು ಕ್ಯಾಲೆಂಡರಿನ ದೇವರು, ಗುಲಾಬಿ, ಗಿಣಿ. ಮಾಸ್ತರರು ಎಲ್ಲವನ್ನೂ ಸಾಲಾಗಿ ಇಟ್ಟು ನೋಡಿ, 'ಚೊಲೋ ಅವ. ಆದ್ರ ಇವನ್ನ ಛಾಪಖಾನಿಯವರು ಮೊದಲೇ ಮಾಡ್ಯಾರ. ನೀವು ಕಣ್ಣಿಲೆ ಕಂಡಿದ್ದು ಏನದ?' ಎಂದು ಕೇಳಿದರು. ಕಂಡದ್ದು ಎಂದರೆ ಹೊಲ, ಎಮ್ಮೆ, ಸಂತೆ. ಮಾತು ಹೀಗೇ ಎಲ್ಲೆಲ್ಲಿಗೋ ಹೋಗಿ ಪ್ಲೇಗಿನ ವರ್ಷಕ್ಕೆ ಬಂತು. ನಾವೆಲ್ಲ ನಾಲ್ಕೈದು ವರ್ಷದವರಿದ್ದಾಗ ಪ್ಲೇಗು ಬಂದು ಇಡೀ ಊರು ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ಒಬ್ಬನಿಗೆ ಡಂಗುರದವನ ನೆನಪು, ಒಬ್ಬನಿಗೆ ಕೀಲಿ ಹಾಕಿದ ಬಾಗಿಲಿಗೆ ಒತ್ತಿದ ಜಾಲಿಮುಳ್ಳಿನ ನೆನಪು. ಹನ್ನೆರಡು ಮಂದಿಯ ಹತ್ತಿರವೂ ಒಂದೊಂದು ಚೂರು ಇತ್ತು. ಮಾಸ್ತರರು ಸೀಸದ ಕಡ್ಡಿ ತೆಗೆದು ತಮ್ಮ ಪುಸ್ತಕದಲ್ಲಿ ಹನ್ನೆರಡು ಚೌಕ ಎಳೆದರು. ಮೊದಲನೆಯದರಲ್ಲಿ ಕಣಜದ ಹತ್ತಿರ ಸತ್ತುಬಿದ್ದ ಇಲಿ. ಹನ್ನೆರಡನೆಯದರಲ್ಲಿ ಮರಳಿ ಬಂದ ಮನೆಯ ಹೊಸ್ತಿಲ ಮೇಲೆ ಹಚ್ಚಿಟ್ಟ ದೀಪ. ನಡುವೆ ಊರು ಬಿಟ್ಟದ್ದು, ಹೊರಗೆ ಬಿದ್ದದ್ದು, ತಿರುಗಿ ಬಂದದ್ದು. ಒಬ್ಬೊಬ್ಬರಿಗೆ ಒಂದೊಂದು ಚೌಕ.

ಏಳನೆಯದು ನನ್ನದು. ಆಯಿಯ, ಅಂದರೆ ನನ್ನ ತಂದೆಯ ತಾಯಿಯ, ಕಡೆಯ ಮಗಳು ಆ ಗುಡಿಸಲಿನಲ್ಲಿ ತೀರಿಕೊಂಡಿದ್ದಳು. ನನಗೆ ಅತ್ತೆಯಾಗಬೇಕಾದವಳು, ಆರು ವರ್ಷದ ಹುಡುಗಿ. ಅವಳು ಹೊದ್ದಿದ್ದ ಕೌದಿಯನ್ನು ಹೊಲದ ಬದುವಿನ ಮೇಲೆ ಸುಟ್ಟರು. ಅವಳ ಮುಖ ನನಗೆ ನೆನಪಿಲ್ಲ. ಆ ಕೌದಿ ಸುಟ್ಟದ್ದು ನೆನಪಿದೆ. ಅದನ್ನೇ ಬರೆದೆ. ಮನೆಯಲ್ಲಿ ಮಾತ್ರ ಹೇಳಲಿಲ್ಲ.

ಕಾಗದ ಸಿಗುತ್ತಿರಲಿಲ್ಲ. ಕಚೇರಿಯ ರದ್ದಿ ಹಾಳೆಗಳನ್ನು ಬೇಡಿ ತಂದು, ಬರೆದ ಮಗ್ಗುಲನ್ನು ಒಳಗಿಟ್ಟು, ನಾಲ್ಕು ನಾಲ್ಕು ಹಾಳೆ ಗಂಜಿಯಿಂದ ಅಂಟಿಸಿ ದೊಡ್ಡವು ಮಾಡಿದೆವು. ಬಣ್ಣಕ್ಕೆ ನಮ್ಮ ನೆಲವೇ ಇತ್ತು. ನಮ್ಮ ಕಡೆ ಎಲ್ಲಿ ಅಗೆದರೂ ಗೇರು, ಕೆಂಪು ಕಾವಿಮಣ್ಣು. ಅರಿಶಿಣ, ದೀಪದ ಮಸಿ, ಬಟ್ಟೆಗೆ ಹಾಕುವ ನೀಲಿ, ಸುಣ್ಣ. ಗಂಜಿ ಕುದಿಸುವವನು ಮಾಣಿಕ. ಅವನ ಗಂಜಿಯಲ್ಲಿ ಒಂದು ಗಂಟು ಇರುತ್ತಿರಲಿಲ್ಲ. ಅವನು ಮುಟ್ಟಿದ ಗಂಜಿಯಿಂದ ಅಂಟಿಸಿದ್ದನ್ನು ಮನೆಯೊಳಗೆ ತರಬೇಡ ಎಂದು ಒಬ್ಬನ ಮನೆಯಲ್ಲಿ ತಕರಾರು ಆಯಿತು. ಮಾಸ್ತರರು ವಾದಕ್ಕೆ ಹೋಗಲಿಲ್ಲ. ಆ ಹುಡುಗನಿಗೆ, 'ಮನಿಗಿ ಒಯ್ಯಬ್ಯಾಡ, ಶಾಲಿಯೊಳಗೇ ಬರಿ' ಎಂದರು. ಮರುದಿನದಿಂದ ಎಲ್ಲರೂ ಶಾಲೆಯಲ್ಲಿಯೇ ಬರೆಯತೊಡಗಿದೆವು.

ತೂಗುಹಾಕಲು ಜಾಗ ಸಿಕ್ಕಿದ್ದು ಪೇಟೆಯ ಧರ್ಮಶಾಲೆಯಲ್ಲಿ. ಹತ್ತು ಜನ ಒಂದು ಕಡೆ ಸೇರಬೇಕಾದರೂ ಸರಕಾರದ ಇಜಾಜತ್ತು, ಅಪ್ಪಣೆ, ಬೇಕಾಗಿದ್ದ ಕಾಲ. ಮಾಸ್ತರರು ಅದಕ್ಕಾಗಿ ಕಚೇರಿಗೆ ಎಷ್ಟು ಸಲ ಅಲೆದರೋ, ನಮಗೆ ಗೊತ್ತಾಗಿದ್ದು ಅವರ ಚಪ್ಪಲಿಯ ಉಂಗುಷ್ಠ ಕಿತ್ತುಹೋದದ್ದರಿಂದ. ಧರ್ಮಶಾಲೆಯದು ಒಂದೇ ದೊಡ್ಡ ಕೋಣೆ, ಒಂದೇ ಬಾಗಿಲು. ಗೋಡೆಗೆ ಮೊಳೆ ಹೊಡೆಯಕೂಡದು ಎಂದು ಕರಾರು. ಹಾಗಾಗಿ ಚಿತ್ರಗಳನ್ನು ನೇರವಾಗಿ ಸುಣ್ಣದ ಗೋಡೆಗೇ ಅಂಟಿಸಿದೆವು. ಬಾಗಿಲಿನ ಬಲಗಡೆಯಿಂದ ಶುರು, ಇಲಿ ಅಲ್ಲಿ. ಹಾಗೇ ಕೋಣೆಯನ್ನು ಸುತ್ತಿಕೊಂಡು ಬಂದು ಬಾಗಿಲಿನ ಎಡಗಡೆಗೆ ದೀಪ. ಹನ್ನೆರಡು ಮಂದಿಯಲ್ಲಿ ಒಬ್ಬನಿಗೂ, ಮಾಸ್ತರರಿಗೂ, ಬೇರೆ ರೀತಿ ಅಂಟಿಸಬಹುದೆಂಬ ವಿಚಾರವೇ ಬರಲಿಲ್ಲ. ನೋಡಲು ಬರುವವರಿಗೆ ಇರಲಿ ಎಂದು ನಟ್ಟನಡುವೆ ಒಂದು ಹರಿವಿ ತುಂಬ ನೀರು ಇಟ್ಟೆವು. ದೊಡ್ಡ ಮಣ್ಣಿನ ಗಡಿಗೆ, ಮೇಲೆ ತಾಟು ಮುಚ್ಚಿ.

ಬಾಗಿಲು ತೆರೆದದ್ದು ಸಂತೆಯ ದಿನ. ಹಳ್ಳಿಖೇಡ, ಚಿಟಗುಪ್ಪ ಕಡೆಯಿಂದ ಸಂತೆಗೆ ಬಂದವರು ಕೂಡ ಇಣುಕಿದರು. ನಾವು ಹೊಳೆಯುವ ಮುಖ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದೆವು. ಒಳಗೆ ಹೋದವರು ತಮ್ಮಷ್ಟಕ್ಕೆ ತಾವೇ ಎಡಕ್ಕೆ ತಿರುಗಿದರು. ಗುಡಿಯೊಳಗೆ ಕಾಲಿಟ್ಟವರು ತಿರುಗುವ ಹಾಗೆ. ಹೆಂಗಸರಲ್ಲಿ ಕೆಲವರು ಕೈಯನ್ನೂ ಮುಗಿದಿದ್ದರು. ಎಡಗಡೆಯ ಮೊದಲನೆಯ ಚಿತ್ರ ದೀಪದ್ದು. ಅದನ್ನು ನೋಡಿ ಅವರ ಮುಖ ಅರಳಿತು. ಅಲ್ಲಿಂದ ಮುಂದೆ ನಡೆಯುತ್ತ ನಡೆಯುತ್ತ ಒಬ್ಬೊಬ್ಬರ ಮುಖವೂ ಸಣ್ಣದಾಯಿತು. ಕಡೆಯದಕ್ಕೆ, ಅಂದರೆ ಇಲಿಯ ಹತ್ತಿರ ಬಂದಾಗ, ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಹೊರಗೆ ನಡೆದರು. ನಮಗೆ ಏನಾಯಿತೆಂದೇ ತಿಳಿಯಲಿಲ್ಲ.

ತಿಳಿಸಿದವಳು ಆಯಿ. ಮೊಮ್ಮಗ ಏನೋ ಮಾಡಿದ್ದಾನಂತೆ ಎಂದು ನೆರೆಯ ಇಬ್ಬರು ಹೆಂಗಸರನ್ನು ಕರೆದುಕೊಂಡು ಬಂದಿದ್ದಳು. ಅವಳೂ ಎಡಕ್ಕೆ ತಿರುಗಿದಳು. ದೀಪ ನೋಡಿದಳು, ಕಸ ಹೊಡೆಯುವುದನ್ನು ನೋಡಿದಳು, ಆಮೇಲೆ ಕೌದಿಯ ಮುಂದೆ ನಿಂತಳು. ಎಷ್ಟು ಹೊತ್ತು ನಿಂತಳೋ... ನಾನು ಬಾಗಿಲ ಮರೆಗೆ ಸರಿದೆ. ಇಲಿಯ ತನಕ ಬಂದವಳು ಮಾಸ್ತರರನ್ನು ಕಂಡು ನಿಂತಳು. ಧ್ವನಿ ಏರಿಸಲಿಲ್ಲ.

'ದೀಪಾ ಹಚ್ಚಿ ಮನಿಯೊಳಗ ಕರಕೊಂಡ್ರಿ. ಆಮ್ಯಾಲ ಮತ್ತ ಕೌದಿ ಸುಟ್ರಿ, ಮತ್ತ ಬಾಗಲಕ್ಕ ಮುಳ್ಳ ಒತ್ತಿದ್ರಿ, ಮತ್ತ ಇಲಿ ಕೆಡವಿದ್ರಿ. ಒಮ್ಮಿ ಹೊರಗ ಬಿದ್ದಿದ್ದು ಸಾಲದೇನ್ರಿ ಮಾಸ್ತರ? ಎರಡನೇ ಸರ್ತಿ ಯಾಕ ಹೊರಗ ಹಾಕಾಕತ್ತೀರಿ ನಮ್ಮನ್ನ?'

ಅವಳು ಹೋದ ಮೇಲೆ ಮಾಸ್ತರರು ಬಾಗಿಲಲ್ಲಿ ನಿಂತು ಎಡಗಡೆ ನೋಡಿದರು, ಬಲಗಡೆ ನೋಡಿದರು. ಹಣೆಗೆ ಕೈ ಹಚ್ಚಿದರು. ಆಗ ನಮಗೂ ಹೊಳೆಯಿತು. ನಮ್ಮ ಕತೆ ಬಲದಿಂದ ಎಡಕ್ಕೆ ಇತ್ತು, ಉರ್ದು ಪುಸ್ತಕದ ಹಾಗೆ. ಊರವರು ಅದನ್ನು ತುದಿಯಿಂದ ಬುಡಕ್ಕೆ ಓದಿದ್ದರು. ಕಿತ್ತು ಬದಲಾಯಿಸೋಣವೆಂದು ಒಬ್ಬ ಅಂಚಿಗೆ ಉಗುರು ಹಾಕಿದ. ಮಾಣಿಕನ ಗಂಜಿ ಗೋಡೆಯ ಸುಣ್ಣವನ್ನೇ ಹಿಡಿದುಕೊಂಡಿತ್ತು. ಎಳೆದರೆ ಚಿತ್ರ ಹರಿಯುತ್ತದೆ, ಇಲ್ಲವೇ ಗೋಡೆ ಕೀಳುತ್ತದೆ.

ಸರಿ, ಬಂದವರನ್ನೇ ಬಲಕ್ಕೆ ತಿರುಗಿಸೋಣ ಎಂದು ಬಾಗಿಲಲ್ಲಿ ನಿಂತು, 'ಈ ಕಡಿಂದ ಬರ್ರಿ, ಈ ಕಡಿಂದ' ಎಂದು ಕರೆದೆವು. ದೊಡ್ಡ ರುಮಾಲಿನ ಮುದುಕರೊಬ್ಬರು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತುಬಿಟ್ಟರು. 'ಏನ ಸುತ್ತಿದ್ರೂ ಬಲಕ್ಕ ಇಟಗೊಂಡು ಸುತ್ತಬೇಕು ತಮ್ಮಾ. ಹೀಂಗ ಉಲ್ಟಾ ಸುತ್ತೋದು ಹೆಣಕ್ಕ. ಇಲ್ಲಿ ಹೆಣಾ ಎಲ್ಲಿ ಅದ?' ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಅವರ ಹಿಂದೆ ಬಂದವರೂ ಹೋದರು. ಸಂಜೆಯ ಹೊತ್ತಿಗೆ ಪೇಟೆಯ ತುಂಬ ಒಂದೇ ಮಾತು. ಹುಡುಗರು ಪ್ಲೇಗು ಬರೆದು ಗೋಡೆಗೆ ಅಂಟಿಸಿದ್ದಾರೆ, ಇನ್ನು ಊರಿಗೆ ಮತ್ತೆ ಬರುತ್ತದೆ.

ಹೆಡ್‌ಮಾಸ್ತರರು ಧರ್ಮಶಾಲೆಗೇ ಬಂದರು. ಕೆಟ್ಟವರಲ್ಲ, ಅಂಜಿದ್ದರು. 'ಸಾಹೇಬ್ರು ನಾಡದು ಬರ್ತಾರ. ಮಂದಿ ಇಲ್ಲದ ಕೋಣಿ ತೋರಸ್ತೀರೋ, ಬಾಗಲದಾಗ ಜಗಳಾ ತೋರಸ್ತೀರೋ? ಸುಣ್ಣಾ ಬಳದು ಬಿಡ್ರಿ. ತಾಸು ಹೋದ್ರ ಹೋತು, ಮರ್ಯಾದಿನರ ಉಳೀತದ' ಎಂದರು. ನಾವು ಹನ್ನೆರಡು ಮಂದಿ ಗೋಡೆಗೆ ಬೆನ್ನು ಹಚ್ಚಿ ನಿಂತೆವು. ಹಾಗೆ ನಿಲ್ಲಿರೆಂದು ನಮಗೆ ಯಾರೂ ಹೇಳಿರಲಿಲ್ಲ. ಮಾಸ್ತರರು ನಮ್ಮನ್ನು ಒಮ್ಮೆ ನೋಡಿ, ಅವರಿಗೆ ಹೇಳಿದರು. 'ಒಂದ ದಿನಾ ಕೊಡ್ರಿ ಸಾಬ್. ತಪ್ಪು ನಂದು. ನನಗ ಗೊತ್ತಾಗಲಿಲ್ಲಂದ್ರ ಗೊತ್ತಿದ್ದವ್ರನ್ನ ಕೇಳ್ತೀನಿ.'

ಗೊತ್ತಿದ್ದವರು ಯಾರೆಂದು ಮರುದಿನ ಬೆಳಿಗ್ಗೆ ಗೊತ್ತಾಯಿತು. ಮಾಸ್ತರರು ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕುಳಿತಿದ್ದರು. ಆಯಿ ಒಳಗಿನ ಹೊಸ್ತಿಲ ಹತ್ತಿರ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎದ್ದು ಬರಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

'ಆಯಿ, ತಪ್ಪು ಹುಡುಗೂರದು ಅಲ್ಲ, ನಂದು. ನನ್ನ ಕಣ್ಣು ಬಲಗಡಿಂದ ಓದತಾವ. ನಿಮಗ ದೀಪಾ ಕಡೀಕ ಕಾಣಬೇಕಿತ್ತು, ಮೊದಲ ಕಂಡದ. ಹ್ಯಾಂಗ ನೆಟ್ಟಗ ಮಾಡ್ಲಿ, ನೀವೇ ಹೇಳ್ರಿ.'

ಮೊರ ನಿಂತಿತು. ಆಯಿ ನನ್ನ ಕಡೆ ತಿರುಗಿದಳು. 'ಆ ಕೌದಿ ಬರದವ ಯಾರು?'

'ನಾನ.'

'ಆಗ ನಿನಗ ನಾಕ ವರ್ಷ. ನೆನಪದ?'

'ಹಸರ ಅಂಚು ನೆನಪದ, ಆಯಿ.'

'ಅಂಚು ಕೆಂಪಿತ್ತು' ಎಂದಳು ಆಯಿ. 'ನನ್ನ ಕೆಂಪ ಸೀರಿ ಹರದು ನಾನ ಹಚ್ಚಿದ್ದೆ. ಹಸರು ಎಲ್ಲಿತ್ತು ನಮ್ಮ ಮನಿಯಾಗ?' ಮೊರವನ್ನು ಪಕ್ಕಕ್ಕಿಟ್ಟು ಸೆರಗು ಝಾಡಿಸಿದಳು. 'ಏಳ್ರಿ ಮಾಸ್ತರ. ತಪ್ಪು ಬರದು ಗ್ವಾಡಿಗಿ ಹಚ್ಚಿದ್ರ ಹ್ಯಾಂಗ? ಮೊದಲ ಅಂಚು ಕೆಂಪ ಮಾಡ್ರಿ. ಉಳಿದಿದ್ದು ಆಮ್ಯಾಲ ನೋಡೂಣು.'

ಅಳುತ್ತಾಳೆ ಎಂದು ಅಂದುಕೊಂಡಿದ್ದೆ. ಹನ್ನೊಂದು ವರ್ಷ ಆ ಹುಡುಗಿಯ ಮಾತನ್ನೇ ಎತ್ತದಿದ್ದವಳು ನಮ್ಮಿಬ್ಬರಿಗಿಂತ ಮುಂದೆ ಮುಂದೆ ನಡೆದಳು. ಧರ್ಮಶಾಲೆಯಲ್ಲಿ ಮಾಸ್ತರರು ಗೇರು ತೇಯ್ದು ಕುಂಚ ನನ್ನ ಕೈಗೆ ಕೊಟ್ಟರು. ಆಯಿ ಪಕ್ಕದಲ್ಲಿ ನಿಂತು, 'ಇನ್ನೂ ಒಂದೀಟು ಅಗಲ... ಅಲ್ಲಿ ಒಂದು ತ್ಯಾಪಿ ಇತ್ತು... ಹಾಂ' ಎಂದು ಹೇಳಿಸಿ ಬರೆಸಿದಳು. ಅಂಚು ಕೆಂಪಾದ ಮೇಲೆ ಅವಳು ಕೋಣೆಯ ನಡುವೆ ಹೋಗಿ ನಿಂತು ಒಂದು ಸುತ್ತು ಕಣ್ಣಾಡಿಸಿದಳು. ಬಾಗಿಲಲ್ಲಿ ನೆರೆಯ ಹೆಂಗಸರು, ನಿನ್ನೆಯ ರುಮಾಲಿನ ಮುದುಕರು, ಇನ್ನೂ ನಾಲ್ಕಾರು ಮಂದಿ ಬಂದು ನಿಂತಿದ್ದರು. ಮಾಸ್ತರರ ಜೊತೆ ಆಯಿ ಪೇಟೆಯಲ್ಲಿ ಹೀಗೆ ನಡೆದುಹೋದರೆ ಬರದೆ ಇರುತ್ತಾರೆಯೇ?

'ಬಲಕ್ಕ ಇಟಗೊಂಡು ಸುತ್ತಬೇಕು ಅಂದವ್ರು ಯಾರು?' ಎಂದು ಆಯಿ ಕೇಳಿದಳು. ಮುದುಕರು ತಾವೇ ಎಂದರು. 'ಖರೆ ಹೇಳೀರಿ. ನಿನ್ನಿ ಏನ ಬಲಕ್ಕ ಇಟಗೊಂಡು ಸುತ್ತಿದ್ವಿ? ಇಲ್ಲಿ ನಡುವ ಏನದ? ನೀರಿನ ಹರಿವಿ ಅದ. ನಾವೆಲ್ಲಾ ಶಾಣ್ಯಾರು ಕೂಡಿ ಹರಿವಿಗಿ ಸುತ್ತ ಹಾಕಿ ಬಂದೀವಿ.' ಯಾರೋ ನಕ್ಕರು. ಆಯಿ ನಗಲಿಲ್ಲ. ಬಾಗಿಲಿನ ಬಲಗಡೆಗೆ, ಇಲಿಯ ಹತ್ತಿರ ಹೋಗಿ, ತನ್ನ ಬಲಗೈಯನ್ನು ಗೋಡೆಯ ಮೇಲಿಟ್ಟಳು. 'ನಮ್ಮೂರು ಇಲ್ಲಿ ಅದ, ಗ್ವಾಡಿ ಮ್ಯಾಲ. ನನ್ನ ಮಗಳೂ ಇಲ್ಲೇ ಅದಾಳ. ಗ್ವಾಡಿ ಬಲಕ್ಕಿರಲಿ. ಬರ್ರಿ ನನ್ನ ಹಿಂದ.'

ಕೋಣೆಯ ಒಳಗೆ ನಿಂತು ಗೋಡೆಯನ್ನು ಬಲಗೈಗೆ ಇಟ್ಟುಕೊಂಡು ನಡೆದರೆ ಬಲದಿಂದಲೇ ಶುರುವಾಗುತ್ತದೆ, ದೀಪಕ್ಕೆ ಹೋಗಿ ಮುಗಿಯುತ್ತದೆ. ಎಷ್ಟು ಸುಲಭದ ಮಾತು. ಶಾಲೆ ಓದಿದ ನಮಗೆ ಹೊಳೆದಿರಲಿಲ್ಲ. ಆಯಿಯ ಕೈ ಇಲಿಯ ಮೇಲೆ, ಡಂಗುರದವನ ಮೇಲೆ, ಬಂಡಿಗಳ ಮೇಲೆ, ಮುಳ್ಳಿನ ಮೇಲೆ, ಗುಡಿಸಲುಗಳ ಮೇಲೆ ಮೆಲ್ಲಗೆ ಹಾದುಹೋಯಿತು. ಆರನೆಯದು ಮಾಣಿಕನ ಚಿತ್ರ. ಅವರ ಓಣಿಯವರು ನಮ್ಮಿಂದಲೂ ದೂರ ಗುಡಿಸಲು ಹಾಕಬೇಕಾಗಿತ್ತು. ಅವನು ಅಲ್ಲಿಂದ ಕಂಡ ಹಾಗೆ ನಮ್ಮ ಗುಡಿಸಲುಗಳನ್ನು ಬೆರಳಿನ ಉಗುರಿನಷ್ಟು ಸಣ್ಣದಾಗಿ ಬರೆದಿದ್ದ. ಆಯಿ ಅಲ್ಲಿ ನಿಂತು, 'ಇದು ಯಾವ ಕಡಿಂದ ಬರದದ್ದು?' ಎಂದಳು. ಮಾಸ್ತರರು ಹೇಳಿದರು. ಅವಳು ಕೈ ತೆಗೆಯಲಿಲ್ಲ, ಅದರ ಮೇಲಿಂದಲೇ ಸರಿಸಿಕೊಂಡು ಕೌದಿಗೆ ಹೋದಳು. ಬಾಗಿಲಲ್ಲಿ ನಿಂತಿದ್ದ ಮಾಣಿಕ ಅದನ್ನು ನೋಡಿದ. ನಾನು ಅವನನ್ನು ನೋಡಿದೆ. ದೀಪದ ಹತ್ತಿರ ಹೋದಾಗ ಆಯಿ ಅತ್ತಳು, ಜೊತೆಗಿದ್ದವರೂ ಅತ್ತರು, ಆದರೆ ಅದು ಹಿಂದಿನ ದಿನದ ಹಾಗಲ್ಲ. ಮನೆಗೆ ಬಂದು ಮುಟ್ಟಿದವರ ಅಳು ಅದು.

ಮೂರನೆಯ ದಿನ ಇನ್‌ಸ್ಪೆಕ್ಟರ್ ಸಾಹೇಬರು ಬಂದಾಗ ಸಾಲು ಧರ್ಮಶಾಲೆಯ ಹೊರಗೆ ಬೀದಿಯ ತನಕ ಇತ್ತು. ಎಲ್ಲರ ಬಲಗೈಯೂ ಗೋಡೆಯ ಮೇಲೆ. ಸಾಹೇಬರು ತಾವೂ ಸಾಲಿನಲ್ಲಿ ನಿಂತು ಒಳಗೆ ಬಂದರು. ಅವರಿಗೆ ಬಲದಿಂದ ಓದುವ ಅಭ್ಯಾಸವೇ ಇತ್ತಲ್ಲ, ಏನೂ ತೊಡಕಾಗಲಿಲ್ಲ. ಹೋಗುವಾಗ ಹೆಡ್‌ಮಾಸ್ತರರ ಕೈ ಕುಲುಕಿದರು. ನಾವು ಗೆದ್ದೆವು ಎಂದುಕೊಂಡು ಹರಿವಿಯ ನೀರನ್ನು ಒಬ್ಬರ ಮೇಲೊಬ್ಬರು ಎರಚಾಡಿದೆವು.

ಒಂದು ತಿಂಗಳಿಗೆ ಹುಕುಂ ಬಂತು. ಚಿತ್ರದ ತಾಸು ಉಳಿಯಿತು. ಉಳಿಯಿತಷ್ಟೇ ಅಲ್ಲ, ಕಾಯಂ ಆಯಿತು. ಕಾಯಂ ಆದ ಜಾಗಕ್ಕೆ ಚಿತ್ರಕಲೆಯ ಸನದು, ಅಂದರೆ ಪರೀಕ್ಷೆ ಪಾಸಾದ ಪತ್ರ, ಇದ್ದವರನ್ನೇ ನೇಮಿಸಬೇಕು ಎಂದು ಅದರಲ್ಲಿಯೇ ಬರೆದಿತ್ತು. ನಮ್ಮ ಮಾಸ್ತರರ ಹತ್ತಿರ ಸನದು ಇರಲಿಲ್ಲ. ನಾರಾಯಣಪುರದ ಗುಡಿಯ ಕಲ್ಲಿನ ಬೊಂಬೆಗಳನ್ನು ನೋಡಿ ನೋಡಿ ಬರೆದು ಕಲಿತವರು ಅವರು. ಆ ಕಲ್ಲು ಸನದು ಎಲ್ಲಿಂದ ಕೊಡಬೇಕು? ನಾವು ಅಷ್ಟು ಚೆನ್ನಾಗಿ ಮಾಡದೆ ಇದ್ದಿದ್ದರೆ ಅವರು ಇನ್ನೊಂದೆರಡು ವರ್ಷ ಹೇಗೋ ಇರುತ್ತಿದ್ದರೇನೋ ಎಂದು ನನಗೆ ಈಗಲೂ ಅನ್ನಿಸುತ್ತದೆ. ಅವರನ್ನು ಉಳಿಸಿಕೊಳ್ಳಲೆಂದು ಮಾಡಿದ ಕೆಲಸವೇ ಅವರನ್ನು ಕಳಿಸಿತು. ಆ ಸಿಟ್ಟು ನನಗೆ ಇನ್ನೂ ಆರಿಲ್ಲ. ಆರಬೇಕು ಎಂದೂ ಅನ್ನಿಸಿಲ್ಲ.

ಕಡೆಯ ದಿನ ನಾವು, ಹೊಸಬರು ಬಂದರೆ ತರಗತಿಗೇ ಕೂಡುವುದಿಲ್ಲ ಎಂದು ಹೇಳಿದೆವು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. 'ತಾಸು ಉಳೀಬೇಕಂತ ಮಾಡಿದ್ವಿ, ಉಳೀತು. ಒಬ್ಬನರ ಒಂದ ದಿನಾ ತಪ್ಪಿಸಿದ್ರ ನನ್ನ ಮಕಾ ನೋಡಬ್ಯಾಡ್ರಿ' ಎಂದರು. ಚೀಲವನ್ನು ಆ ಇಳಿದ ಹೆಗಲಿಗೆ ಹಾಕಿಕೊಂಡರು. ನಾವು ಒಬ್ಬರೂ ತಪ್ಪಿಸಲಿಲ್ಲ. ಮಾಣಿಕ ಮುಂದೆ ಅದೇ ಹಾದಿ ಹಿಡಿದು, ಬಹಳ ವರ್ಷ ಮಕ್ಕಳಿಗೆ ಚಿತ್ರ ಕಲಿಸಿದ.

ಮಾಸ್ತರರನ್ನು ನಾನು ಮತ್ತೆ ಕಂಡದ್ದು ಒಂದೇ ಸಲ, ಎರಡು ವರ್ಷದ ಮೇಲೆ, ಕಲ್ಯಾಣಿಯಲ್ಲಿ. ಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಗೂಡಿನಂಥ ಅಂಗಡಿ. ತಗಡಿನ ಪೆಟ್ಟಿಗೆಗಳ ಮೇಲೆ ಹೂವು ಬರೆಯುತ್ತಿದ್ದರು, ಮದುವೆಯ ಪೆಟ್ಟಿಗೆಗಳು. ಗುಲಾಬಿ, ಗಿಣಿ. ನಾನು ಅವುಗಳನ್ನೇ ನೋಡುತ್ತಿದ್ದುದನ್ನು ಕಂಡು ನಕ್ಕರು. 'ಛಾಪಖಾನಿಯವ್ರಕಿಂತ ಚೊಲೋ ಅವ ಇಲ್ಲೋ?' ಎಂದು ಕೇಳಿದರು. ಚಹಾ ತರಿಸಿದರು. ಆಯಿ ಹ್ಯಾಂಗದಾರ ಎಂದು ಕೇಳಿದರು. ನಾನು ಏಳುವಾಗ, ಹನ್ನೆರಡು ಚೌಕ ಎಳೆದಿದ್ದ ತಮ್ಮ ಹಳೆಯ ಪುಸ್ತಕವನ್ನು ನನ್ನ ಕೈಯಲ್ಲಿಟ್ಟು, 'ಖಾಲಿ ಹಾಳಿ ಇನ್ನೂ ಅವ, ಬರಿ' ಎಂದರು.

ಆಮೇಲೆ ಗಲಾಟೆಯ ವರ್ಷ ಬಂತು, ನಿಜಾಮರ ರಾಜ್ಯ ಮುಗಿದದ್ದು ಆಗಲೇ. ನಮ್ಮ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲ ಒಂದು ನೆಲೆಗೆ ಬಂದ ಮೇಲೆ ನಾನು ಕಲ್ಯಾಣಿಗೆ ಹೋದೆ. ಅಂಗಡಿ ಮುಚ್ಚಿತ್ತು. ಹೈದರಾಬಾದಿಗೆ ಹೋದರು ಎಂದು ಒಬ್ಬರು, ಸೊಲ್ಲಾಪುರದ ಕಡೆ ಎಂದು ಇನ್ನೊಬ್ಬರು. ಮೂರನೆಯವರು ಏನೋ ಹೇಳಲು ಹೋಗಿ ಸುಮ್ಮನಾದರು... ನಾನೂ ಒತ್ತಾಯ ಮಾಡಲಿಲ್ಲ. ಮಾಡಬೇಕಾಗಿತ್ತು. ಧರ್ಮಶಾಲೆಗೆ ಅಷ್ಟರಲ್ಲಿ ಎರಡು ಮೂರು ಸಲ ಸುಣ್ಣ ಬಿದ್ದಿತ್ತು. ಮುಂದೆ ಅದನ್ನು ಕೆಡವಿ ಅಂಗಡಿಗಳನ್ನು ಕಟ್ಟಿದರು.

ರಟ್ಟಿನ ಅಂಗಡಿಯ ಹುಡುಗ ಪುಸ್ತಕವನ್ನು ತಿರುವಿ ಹಾಕುತ್ತಿದ್ದ. 'ಇದು ಯಾವ ಕಡಿಂದ ಸುರು ಆಗತದ್ರಿ ಕಾಕಾ?' ಎಂದು ಕೇಳಿದ. ಬಲಗಡೆಯಿಂದ ಎಂದೆ. ಅವನ ಜೊತೆ ನಾನೂ ಹಾಳೆ ತಿರುವಿದೆ. ನಾರಾಯಣಪುರದ ಕಂಬಗಳು, ಒಂದು ಎಮ್ಮೆಯ ಕೋಡು, ಹನ್ನೆರಡು ಚೌಕಗಳು. ಬರೆದದ್ದರಲ್ಲಿ ಕಡೆಯ ಹಾಳೆಯಲ್ಲಿ ಆಯಿ ಇದ್ದಾಳೆ, ಬಲಗೈ ಗೋಡೆಯ ಮೇಲಿಟ್ಟುಕೊಂಡು. ಅವಳ ಹಿಂದೆ ಹೆಂಗಸರು, ರುಮಾಲಿನ ಮುದುಕರು, ಬಾಗಿಲಲ್ಲಿ ನಾವು ಹನ್ನೆರಡು ಮಂದಿ, ಒಬ್ಬೊಬ್ಬರ ಗುರುತೂ ಹತ್ತುವ ಹಾಗೆ.

ಮಾಸ್ತರರು ಮಾತ್ರ ಅದರಲ್ಲಿ ಇಲ್ಲ. ಬರೆಯುವವನು ಚಿತ್ರದಲ್ಲಿ ಹೇಗೆ ಇರಬೇಕು? ಆ ಕಾಲಕ್ಕೆ ಫೋಟೋ ಎಲ್ಲಿಂದ ಬರಬೇಕು? ನಾವು ಹನ್ನೆರಡು ಮಂದಿ ಅವರಿಂದ ಕುಂಚ ಹಿಡಿಯಲು ಕಲಿತೆವು. ಇಲಿ ಬರೆದೆವು, ಬಂಡಿ ಬರೆದೆವು, ದೀಪ ಬರೆದೆವು. ಅವರ ಮುಖವನ್ನು ಒಬ್ಬನೂ ಬರೆಯಲಿಲ್ಲ. ಅಂಗಡಿಯಲ್ಲಿ ಕುಳಿತಾಗಲೇ ನನಗೆ ಇದು ಹೊಳೆದದ್ದು, ನಾಚಿಕೆಯಾಯಿತು. ಹನ್ನೆರಡರಲ್ಲಿ ಈಗ ಇರುವವನು ನಾನೊಬ್ಬ. ಮಾಣಿಕ ಹೋಗಿ ನಾಲ್ಕು ವರ್ಷವಾಯಿತು.

'ಹಿಂದ ಏಳು ಹಾಳಿ ಖಾಲಿ ಅವ. ಕತ್ತರಿಸಿ ತೆಗೀಲೇನ್ರಿ?' ಎಂದ ಹುಡುಗ.

'ಬ್ಯಾಡ, ಇರಲಿ' ಎಂದೆ. 'ಕೆಲಸ ಅದ.'

ರಟ್ಟು ಒಣಗಿ ಪುಸ್ತಕ ಮನೆಗೆ ಬಂದ ದಿನವೇ ಶುರು ಮಾಡಿದೆ. ನನ್ನ ಕೈ ಈಗ ನಡುಗುತ್ತದೆ, ಕನ್ನಡಕ ಎರಡು ಸಲ ಒರೆಸಿಕೊಳ್ಳಬೇಕಾಗುತ್ತದೆ. ಮೊದಲನೆಯ ಹಾಳೆಯಲ್ಲಿ ಆ ಇಳಿದ ಹೆಗಲು ಸರಿಯಾಗಿ ಬಂತು, ಶೇರವಾನಿಯ ತೋಳಿನ ಗೇರು ಬಂತು. ಮುಖ ಬರಲಿಲ್ಲ. ಮತ್ತೊಮ್ಮೆ ನೋಡಿ ಬರೋಣವೆಂದರೆ ಎಲ್ಲಿಗೆ ಹೋಗಲಿ... ಆದರೂ ಇವತ್ತು ಬೆಳಿಗ್ಗೆ ಹೊಸ ಹಾಳೆ ತಿರುವಿದ್ದೇನೆ. ಇದೂ ಸೇರಿ ಇನ್ನೂ ಆರು ಉಳಿದಿವೆ.